ಮೊಳೆ ಬಡಿದ ಹೆಸರುಗಳು

“ಕಣ್ಣಿಲೆ ಎಷ್ಟ ಬೇಕಾದ್ರೂ ಓದ್ರಿ ಅಕ್ಕಾರ. ಬಾಯಿಲೆ ಮಾತ್ರ ಓದಬ್ಯಾಡ್ರಿ.”

ಕಸ್ತೂರೆವ್ವ ಇದನ್ನು ಎರಡನೆಯ ಸಲ ಹೇಳಿದಾಗ ರಾಜಶ್ರೀಗೆ ನಗು ತಡೆಯಲಾಗಲಿಲ್ಲ. ಮುದುಕಿಯ ಮುಖದಲ್ಲಿ ಮಾತ್ರ ನಗುವಿನ ಸುಳಿವಿರಲಿಲ್ಲ. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು, ಜಾಲಿಗಿಡದ ನೆರಳು ಬಿಟ್ಟು ಒಂದು ಹೆಜ್ಜೆಯೂ ಮುಂದೆ ಬಾರದೆ, ಅವಳು ದೂರದಿಂದಲೇ ಹೆಸರು ಕೆತ್ತಿದ ಆ ಕಲ್ಲನ್ನು ನೋಡುತ್ತಿದ್ದಳು. ಅವಳ ಆಡುಗಳೂ ಅಷ್ಟೆ. ಗಣಿಯ ಅಂಚಿನಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಒಂದು ಆಡೂ ಅತ್ತ ಬಾಯಿ ಹಾಕಿರಲಿಲ್ಲ.

ಮುಧೋಳದಿಂದ ಲೋಕಾಪುರದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ಸುಣ್ಣಕೊಪ್ಪ ಎಂಬ ಸಣ್ಣ ಊರಿನ ಬೆನ್ನಿಗಿದ್ದ ಹಳೆಯ ಸುಣ್ಣಗಲ್ಲಿನ ಗಣಿ ಅದು. ಕೆಲಸ ನಿಂತು ವರ್ಷಗಳೇ ಕಳೆದಿದ್ದವು. ನಾಲ್ಕೂ ಕಡೆ ಬಿಳಿಯ ಕಡಿದಾದ ಗೋಡೆ, ತಳದಲ್ಲಿ ಕದಲದ ಕಪ್ಪು ಹಸಿರು ನೀರು. ಲಾರಿಗಳು ಇಳಿಯುತ್ತಿದ್ದ ಇಳಿಜಾರು ದಾರಿಯೊಂದು ಗೋಡೆಗೆ ಅಂಟಿಕೊಂಡು ಕೆಳಗಿಳಿದು ನೀರಿನೊಳಗೆ ಮರೆಯಾಗುತ್ತಿತ್ತು.

ರಾಜಶ್ರೀ ಚಿತ್ರದುರ್ಗದವಳು. ಧಾರವಾಡದಲ್ಲಿ ಓದುವಾಗ ಬನಹಟ್ಟಿಯ ನೇಕಾರರ ಮನೆಯ ಗುರುಸಿದ್ದನನ್ನು ಮೆಚ್ಚಿ ಮದುವೆಯಾಗಿ, ಈ ಸೀಮೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಜಮಖಂಡಿಯ ಕಾಲೇಜೊಂದರಲ್ಲಿ ಚರಿತ್ರೆ ಕಲಿಸುತ್ತಿದ್ದಳು. ಅರಮನೆಗಳ ಬಗ್ಗೆ, ಸಂಸ್ಥಾನಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದರು. ಕಲ್ಲು ಒಡೆಯುತ್ತಲೇ ಸತ್ತವರ ಬಗ್ಗೆ ಯಾರೂ ಬರೆದಿರಲಿಲ್ಲ. ರಜೆಯ ದಿನಗಳಲ್ಲಿ ಗಂಡನ ಬೈಕಿನ ಹಿಂದೆ ಕುಳಿತು ಅವಳು ಗಣಿಗಳ ಸುತ್ತಮುತ್ತ ಹುಡುಕುತ್ತಿದ್ದದ್ದು ಅಂಥವರ ನೆನಪಿಗೆ ನೆಟ್ಟ ಕಲ್ಲುಗಳನ್ನು.

ಆದರೆ ಇಂಥ ಕಲ್ಲನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ. ಸುತ್ತಲೂ ಬಿಳಿಗಲ್ಲಿನ ನೆಲ. ಇದು ಮಾತ್ರ ಬೇರೆಲ್ಲಿಂದಲೋ ತಂದ ಕರಿಗಲ್ಲು, ಆಳೆತ್ತರದ್ದು. ಹೂವಿಲ್ಲ, ದೀಪವಿಲ್ಲ, ಕುಂಕುಮದ ಕಲೆಯಿಲ್ಲ. ಒಂದರ ಕೆಳಗೊಂದು ಹೆಸರುಗಳು. ಪ್ರತಿ ಹೆಸರಿನ ಮೊದಲ ಅಕ್ಷರದ ಮೇಲೆ ಒಂದೊಂದು ಕಬ್ಬಿಣದ ಮೊಳೆ. ಮೊಳೆಗಳ ತುಕ್ಕು ಮಳೆಗೆ ಕರಗಿ ಇಳಿದು, ಹೆಸರುಗಳೆಲ್ಲ ಕೆಂಪಗೆ ಸೋರಿದಂತೆ ಕಾಣುತ್ತಿದ್ದವು.

“ಇದು ನೆನಪಿನ ಕಲ್ಲ ಅಲ್ರಿ,” ಎಂದಳು ಕಸ್ತೂರೆವ್ವ. “ಕಟ್ಟಿ ಹಾಕಿದ ಕಲ್ಲ.”

ಆಮೇಲೆ ಅವಳು ತಡೆತಡೆದು ಹೇಳಿದ್ದು ಇಷ್ಟು. ಒಂದು ಮಧ್ಯಾಹ್ನ ಗಣಿಯ ಗೋಡೆ ಕುಸಿದು ಕೆಲಸದವರ ಮೇಲೆ ಬಿತ್ತು. ಗುತ್ತಿಗೆದಾರ ಹೆಣಗಳನ್ನು ತೆಗೆಸಲಿಲ್ಲ. ಬೇರೆ ಮೂಲೆಯಲ್ಲಿ ಕೆಲಸ ಮುಂದುವರಿಸಿದ. ಆದರೆ ಆಳುಗಳ ಮೇಲಿನ ಮುಕಾದಮ ಹಾಜರಿ ಕೂಗುವಾಗ, ಕೂಗದ ಹೆಸರುಗಳಿಗೂ ಕಲ್ಲಿನ ರಾಶಿಯ ಕೆಳಗಿನಿಂದ ದನಿ ಬರತೊಡಗಿತು. ಆಳುಗಳು ಕೆಲಸ ಬಿಟ್ಟು ಓಡಿದರು. ಗುತ್ತಿಗೆದಾರ ಹೊಳೆಯಾಚೆಯಿಂದ ಒಬ್ಬ ಮಾಟಗಾರನನ್ನು ಕರೆಸಿದ. ಅವನು ಈ ಕಲ್ಲು ನೆಡಿಸಿ, ಸತ್ತವರ ಹೆಸರು ಕೆತ್ತಿಸಿ, ಒಂದೊಂದು ಹೆಸರಿಗೂ ಮೊಳೆ ಬಡಿದ. ಅಂದಿನಿಂದ ದನಿ ನಿಂತಿತು, ಗಣಿಯ ಕೆಲಸವೂ ನಿಂತಿತು.

“ಆ ಹೆಸರ ಕೂಗಿದ್ರ ಮೊಳಿ ಸಡ್ಲ ಆಕ್ಕಾವ. ಕೂಗಿದ ಬಾಯಿ ಅವ್ರದ ಆಕೈತಿ. ಆಮ್ಯಾಗ ಆ ಬಾಯಿ ಯಾರನ್ನ ಹೆಸರ ಹಿಡದ ಕರೀತೈತಿ, ಅವ್ರನ್ನ ಒಯ್ತಾರ.”

“ನಿಮ್ಮವರೂ ಇದರಲ್ಲಿದ್ದಾರಾ ಅಮ್ಮಾ?”

ಮುದುಕಿ ಗದ್ದ ಎತ್ತಿ ಕಲ್ಲಿನ ನಡುಭಾಗ ತೋರಿಸಿದಳು. “ನಮ್ಮ ಮನ್ಯಾವ್ರ ಅದಾರ.”

“ಏನು ಹೆಸರು?”

“ಗಂಡನ ಹೆಸರ ಹೇಳ್ತಾರೇನ್ರಿ?” ಎಂದು ಅವಳು ಆ ಮಧ್ಯಾಹ್ನ ಮೊದಲ ಸಲ ಸಣ್ಣಗೆ ನಕ್ಕಳು. “ಲಗ್ನದಾಗ ಗಂಡನ ಹೆಸರ ಸೇರ್ಸಿ ಒಡಪ ಹೇಳಸ್ತಾರಲ್ಲ, ಅವಾಗ ಹೇಳಿದ್ದ. ಮತ್ತ ಹೇಳಿಲ್ಲ.”

ಗುರುಸಿದ್ದ ಬೈಕಿನ ಹತ್ತಿರ ಚಡಪಡಿಸುತ್ತಿದ್ದ. “ಏ ರಾಜಿ, ಫೋಟೋ ತಕ್ಕೊಂಡ ನಡಿ. ಹೊತ್ತ ಇಳ್ಯಾಕತ್ತೈತಿ.”

“ನೀನೂ ಇದನ್ನ ನಂಬ್ತೀಯಾ ಗುರುಸಿದ್ದ?”

“ನಂಬೂದಲ್ಲ. ಆಕಿ ಮನಸ್ಸ ಯಾಕ ನೋಯಸ್ತಿ?”

“ಹೆಸರು ಎತ್ತಬಾರದು ಅಂತ ಇವರನ್ನೆಲ್ಲ ಹೆದರಿಸಿಟ್ಟರೆ ಯಾರಿಗೆ ಲಾಭ ಹೇಳು? ಸತ್ತವರ ಬಗ್ಗೆ ಯಾರೂ ಕೇಳಬಾರದು ಅಂತಲೇ ಆ ಗುತ್ತಿಗೆದಾರ ಈ ನಾಟಕ ಕಟ್ಟಿದ್ದಾನೆ. ಇವತ್ತಾದರೂ ಒಬ್ಬರು ಈ ಹೆಸರುಗಳನ್ನ ಗಟ್ಟಿಯಾಗಿ ಓದಲಿ.”

ಅವಳು ಮೊಬೈಲಿನಲ್ಲಿ ಧ್ವನಿಮುದ್ರಣ ಒತ್ತಿ ಕಲ್ಲಿನ ಎದುರು ನಿಂತಳು. ಕಸ್ತೂರೆವ್ವ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು.

“ರಾಮಣ್ಣ.”

ದನಿ ಗಣಿಗೆ ಇಳಿದು, ಗೋಡೆಗೆ ಬಡಿದು ಮರಳಿತು. ರಾಮಣ್ಣ.

“ಶಿವಯೋಗೆಪ್ಪ.”

ಈ ಸಲ ಮಾರ್ದನಿ ತಡವಾಗಿ ಬಂತು. ಯಾರೋ ಅದನ್ನು ಬಾಯಲ್ಲಿಟ್ಟುಕೊಂಡು ರುಚಿ ನೋಡಿ ಬಿಟ್ಟಂತೆ.

“ಬೋರವ್ವ.”

ಮರಳಿ ಬಂದದ್ದು ಹೆಸರಲ್ಲ.

“ಓ.”

ಅಡಿಗೆಮನೆಯ ಒಳಗಿನಿಂದ, ಒಲೆಯ ಮುಂದೆ ಕುಳಿತಲ್ಲೇ ಹೆಂಗಸೊಬ್ಬಳು ಓಗೊಟ್ಟಂತಿತ್ತು. ಕೆಳಗೆ ಯಾರೋ ದನ ಕಾಯುವವರು ಇರಬೇಕು ಎಂದುಕೊಂಡಳು ರಾಜಶ್ರೀ. ಅಷ್ಟರಲ್ಲಿ ಅವಳ ಕಾಲ ಬಳಿ ಏನೋ ಟಣ್ಣೆಂದಿತು. ಬೋರವ್ವನ ಮೊಳೆ ಕಲ್ಲಿನಿಂದ ಕಳಚಿ ಬಿದ್ದಿತ್ತು.

ಇಲ್ಲಿಗೆ ನಿಲ್ಲಿಸಬೇಕು ಎಂದುಕೊಂಡಳು. ನಾಲಿಗೆ ನಿಲ್ಲಲಿಲ್ಲ.

“ವಿಠೋಬಾ.”

“ಓ.”

ಜಾಲಿಗಿಡದ ಕಡೆಯಿಂದ ನರಳಿಕೆಯೊಂದು ಕೇಳಿಸಿತು. ಕಿವಿ ಮುಚ್ಚಿಕೊಂಡರೂ ಕಸ್ತೂರೆವ್ವ ಆ ದನಿಯ ಗುರುತು ಹಿಡಿದಿದ್ದಳು.

ರಾಜಶ್ರೀಯ ಬಾಯಿ ಓದುತ್ತಲೇ ಹೋಯಿತು. ಅವಳ ತುಟಿಗಳನ್ನು ಬೇರೆ ಯಾರೋ ಆಡಿಸುತ್ತಿದ್ದರು. ಸವೆದು ಅಳಿದುಹೋದ ಹೆಸರುಗಳನ್ನೂ, ಕಣ್ಣಿಗೆ ಕಾಣದ ಹೆಸರುಗಳನ್ನೂ ಅವಳು ಸ್ಪಷ್ಟವಾಗಿ ಹೇಳುತ್ತಿದ್ದಳು. ಒಂದೊಂದಕ್ಕೂ ಕೆಳಗಿನಿಂದ ಓ ಎಂಬ ದನಿ. ಒಂದೊಂದು ಮೊಳೆ ನೆಲಕ್ಕೆ. ಕೊನೆಯ ಹೆಸರು ಮುಗಿದಾಗ ಅವಳ ಬಾಯಲ್ಲಿ ತುಕ್ಕಿನ ರುಚಿ ತುಂಬಿತ್ತು.

ಎಲ್ಲವೂ ನಿಶ್ಶಬ್ದ. ಹಕ್ಕಿಯ ಸದ್ದಿಲ್ಲ. ದೂರದ ರಸ್ತೆಯ ಲಾರಿಗಳ ಸದ್ದೂ ಇಲ್ಲ. ಗಾಳಿಯಲ್ಲಿ ಸಿಡಿಮದ್ದಿನ ವಾಸನೆ, ಅದರ ಹಿಂದೆಯೇ ಹಸಿ ಸುಣ್ಣದ ಘಾಟು. ಗಣಿಯೊಳಗಿನಿಂದ ಬಿಳಿಯ ಧೂಳು ಮೇಲೇಳತೊಡಗಿತು. ಸೂರ್ಯ ಇನ್ನೂ ಮೇಲಿದ್ದ. ಆದರೂ ಧೂಳಿನ ಹಿಂದೆ ಮಂಕಾಗಿ, ಬೆಳಕಿಲ್ಲದ ಬಿಲ್ಲೆಯಾಗಿ ಉಳಿದ.

“ಕೆಳಗ ಯಾರದೀರಿ?” ಗುರುಸಿದ್ದ ಅಂಚಿಗೆ ಹೋಗಿ ಬಗ್ಗಿ ನೋಡುತ್ತಿದ್ದ. ಅವನ ಬೆನ್ನ ಹಿಂದೆ ನೆಲದಲ್ಲೊಂದು ಬಿರುಕು. ದಾರದಷ್ಟು ಸಣ್ಣದು. ಬೆರಳಗಲ ಆಯಿತು. ಕೈಯಗಲ ಆಯಿತು.

ರಾಜಶ್ರೀ ಏನನ್ನೂ ಯೋಚಿಸಲಿಲ್ಲ. ಗಂಟಲು ಹರಿಯುವಂತೆ ಕೂಗಿದಳು.

“ಗುರುಸಿದ್ದಾ!”

ಅವನು ಛಂಗನೆ ಹಿಂದಕ್ಕೆ ಹಾರಿದ. ಅವನು ನಿಂತಿದ್ದ ನೆಲ ಸದ್ದಿಲ್ಲದೆ ಕೆಳಗೆ ಹೋಯಿತು. ಬದುಕಿದ ಎಂದು ಅವಳು ಉಸಿರು ಬಿಟ್ಟಳು. ಅಷ್ಟರಲ್ಲಿ ಅವನು ಬಾಯಿ ತೆರೆದ.

“ಓ,” ಎಂದ ಗುರುಸಿದ್ದ.

ಅದು ಅವನ ದನಿಯೇ. ಆದರೆ ಅದರ ಅಡಿಯಲ್ಲಿ ಇನ್ನೂ ಎಷ್ಟೋ ದನಿಗಳಿದ್ದವು. ಅವನು ಅವಳ ಕಡೆ ನೋಡಲಿಲ್ಲ. ತಿರುಗಿ, ಕೆಲಸದ ಹೊತ್ತಾದ ಆಳಿನಂತೆ, ಇಳಿಜಾರು ದಾರಿ ಹಿಡಿದು ಕೆಳಗೆ ನಡೆಯತೊಡಗಿದ.

ಅವಳು ಓಡಿದಳು. ಕೆಳಗೆ ಹೋದಷ್ಟೂ ಬೆಳಕು ಸತ್ತಿತು. ಧೂಳು ಕಣ್ಣು ಕಟ್ಟಿತು. ಬಿಳಿಯ ಗೋಡೆಗಳು ಒಂದಕ್ಕೊಂದು ಹತ್ತಿರ ಸರಿದಂತೆ ಕಂಡವು. ಗೋಡೆಯೊಳಗಿಂದ ಸುತ್ತಿಗೆಯ ಸದ್ದು. ಟಕ್. ಟಕ್. ಟಕ್. ಅವನು ಆಗಲೇ ನೀರಿಗಿಳಿದಿದ್ದ. ಅವನ ಸುತ್ತ ನೀರು ಸುಣ್ಣ ಅರಳುವಂತೆ ಕುದಿಯುತ್ತಿತ್ತು. ಅಂಗಿ ಹಿಡಿದು ಎಳೆದಳು. ಅವನು ಕದಲಲಿಲ್ಲ. ಬಂಡೆಯಷ್ಟು ಭಾರ. ಕೈ ಮುಟ್ಟಿದಳು. ಸುಡುತ್ತಿತ್ತು. ಚರ್ಮವೆಲ್ಲ ಬಿಳಿಯ ಪುಡಿ.

“ಗುರುಸಿದ್ದಾ!”

ಅವನು ಒಂದು ಹೆಜ್ಜೆ ಇಳಿದ. ನೀರು ಸೊಂಟಕ್ಕೆ ಬಂತು.

“ಗುರುಸಿದ್ದಾ, ಬಾ!”

ಇನ್ನೊಂದು ಹೆಜ್ಜೆ. ಎದೆಯವರೆಗೆ.

ಆಗ ಅವಳಿಗೆ ಹೊಳೆಯಿತು. ಅವನನ್ನು ಇಳಿಸುತ್ತಿರುವುದು ತಾನೇ. ಕರೆಯಬಾರದು. ಕರೆಯಬಾರದು. ಆದರೆ ಅವಳ ನಾಲಿಗೆ ಆಗಲೇ ಗು ಎಂಬ ಅಕ್ಷರಕ್ಕೆ ತಿರುಗುತ್ತಿತ್ತು. ಅವಳು ತನ್ನ ಮುಂಗೈಯನ್ನು ಬಾಯಿಗೆ ತುರುಕಿ ಕಚ್ಚಿಕೊಂಡಳು. ರಕ್ತ ಬಂತು. ನೀರಿನಡಿಯಲ್ಲಿ ಬಿಳಿಯ ಕೈಗಳು ಕಂಡವು. ಅವನ ಮೊಣಕಾಲು ಹಿಡಿದಿದ್ದವು. ಸೊಂಟ ಹಿಡಿದಿದ್ದವು. ಒಂದರ ಮೇಲೊಂದು. ಲೆಕ್ಕವಿಲ್ಲದಷ್ಟು.

“ಬಾಯಿ ಬಿಡಬ್ಯಾಡ ತಂಗಿ! ಬಿಗಿ ಹಿಡಿ!”

ಕಸ್ತೂರೆವ್ವ ದಾರಿಯಿಳಿದು ಬಂದಿದ್ದಳು. ಏದುಸಿರು ಬಿಡುತ್ತ ನೀರಿನಂಚಿಗೆ ನಿಂತಳು. ಕೈಗಳನ್ನು ನೋಡಿದಳು. ಅವುಗಳಲ್ಲಿ ಒಂದನ್ನು ಗುರುತಿಸಿದವಳಂತೆ ಅದನ್ನೇ ದಿಟ್ಟಿಸಿದಳು. ಚಪ್ಪರದಡಿಯ ಮದುಮಗಳ ನಾಚಿಕೆ ಆ ಸುಕ್ಕುಮುಖದಲ್ಲಿ ಒಂದು ಗಳಿಗೆ ಬಂದು ಹೋಯಿತು.

“ವಿಠೋಬಾ,” ಎಂದಳು.

ನೀರು ಕುದಿಯುವುದು ನಿಂತಿತು.

“ನಾನ ಕಸ್ತೂರಿ ಬಂದೇನಿ. ಆ ಹುಡುಗ್ನ ಬಿಡಸ್ರಿ. ಅವಂದೇನ ತಪ್ಪಿಲ್ಲ. ಒಯ್ಯೂದಿದ್ರ ನನ್ನ ಒಯ್ರಿ.”

ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, ತೀರ ಹತ್ತಿರದಲ್ಲಿ, ಮೆಲ್ಲಗೆ, ಗಂಡಸಿನ ದನಿ.

“ಓ.”

ಹಿಡಿತ ಕಳಚಿತು. ಗುರುಸಿದ್ದನ ಮೈ ಹಗುರಾಗಿ ರಾಜಶ್ರೀಯ ಮೇಲೆ ಬಿತ್ತು. ಅವಳು ಅವನ ಕಂಕುಳಿಗೆ ಕೈ ಹಾಕಿ ಒಣನೆಲಕ್ಕೆ ಎಳೆದಳು. ತಿರುಗಿ ನೋಡಿದಾಗ ಕಸ್ತೂರೆವ್ವ ನೀರಿನೊಳಗೆ ನಡೆಯುತ್ತಿದ್ದಳು. ಯಾವ ಕೈಯೂ ಅವಳನ್ನು ಎಳೆಯುತ್ತಿರಲಿಲ್ಲ. ಅವಳು ತಲೆಯ ಮೇಲಿನ ಸೆರಗನ್ನು ಒಮ್ಮೆ ಸರಿಪಡಿಸಿಕೊಂಡಳು. ನಿಲ್ಲಿ ಎನ್ನಬೇಕೆಂದು ರಾಜಶ್ರೀ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಗೆ ಬಂತು. ಬಾಯಿ ಮುಚ್ಚಿಕೊಂಡಳು. ನೀರು ಮುದುಕಿಯ ನೆತ್ತಿ ದಾಟಿ ಕೂಡಿಕೊಂಡಿತು. ಒಂದು ಗುಳ್ಳೆಯೂ ಏಳಲಿಲ್ಲ.

ದೋಣಿ ತಂದರು, ಈಜುಗಾರರನ್ನು ಇಳಿಸಿದರು. ಹೆಣ ಸಿಗಲಿಲ್ಲ. ಕಸ್ತೂರೆವ್ವನ ಮಗ ತಾಯಿಯ ಆಡುಗಳನ್ನು ಹೊಡೆದುಕೊಂಡು ಹೋಗಲು ಬಂದವನು, ನಡೆದದ್ದನ್ನೆಲ್ಲ ರಾಜಶ್ರೀಯ ಬಾಯಿಂದ ಕೇಳಿಕೊಂಡ. ಅವಳು ಅಳುತ್ತ ಕೈ ಮುಗಿದಳು. “ನಿಮ್ಮ ಹೆಸರೇನಣ್ಣಾ?” ಎಂದು ಅರಿವಿಲ್ಲದೆ ಕೇಳಿದಳು. ಅವನು ಬೆಚ್ಚಿ ಹಿಂದಕ್ಕೆ ಸರಿದ.

“ನನ್ನ ಹೆಸರ ಕೇಳಬ್ಯಾಡ್ರಿ,” ಎಂದ. “ಈ ಊರಾಗ ಯಾರ ಹೆಸರೂ ಕೇಳಬ್ಯಾಡ್ರಿ. ನಡ್ರಿ ಇಲ್ಲಿಂದ.”

ಗುರುಸಿದ್ದ ಬದುಕಿ ಉಳಿದ. ಸುಟ್ಟ ಮೈ ವಾಸಿಯಾಯಿತು, ಮಗ್ಗದ ಕೆಲಸಕ್ಕೂ ಮರಳಿದ. ಆದರೆ ಹೆಸರು ಹಿಡಿದು ಕರೆದರೆ ಅವನಿಗೆ ಕೇಳಿಸುವುದಿಲ್ಲ. ಹೆತ್ತ ತಾಯಿ ಪಕ್ಕದಲ್ಲೇ ನಿಂತು ಕೂಗಿದರೂ ತಿರುಗುವುದಿಲ್ಲ. ಭುಜ ಮುಟ್ಟಿದರೆ ಮಾತ್ರ, “ಏನ ಬೇ?” ಎಂದು ಎಂದಿನಂತೆ ನಗುತ್ತಾನೆ.

ಎಲ್ಲ ಮುಗಿಯಿತೆಂದು ರಾಜಶ್ರೀ ನಂಬಲು ಹೊರಟಿದ್ದಳು. ಒಂದು ಮುಂಜಾನೆ ಹಿತ್ತಲಲ್ಲಿ ಮನೆಯ ಆಕಳಿಗೆ ಮೇವು ಹಾಕುತ್ತ, “ಕಾವೇರಿ, ಬಾ,” ಎಂದಳು. ಆಕಳು ಕಿವಿ ನಿಮಿರಿಸಿತು. ಹಗ್ಗ ಹರಿದುಕೊಂಡು, ಹಿತ್ತಲ ಬಾಗಿಲು ಮುರಿದುಕೊಂಡು, ಮುಧೋಳದ ದಿಕ್ಕಿಗೆ ಓಡಿತು. ಹುಡುಕಲು ಹೋದವರಿಗೆ ಅದರ ಗೊರಸಿನ ಗುರುತು ಸುಣ್ಣಕೊಪ್ಪದ ದಾರಿಯಲ್ಲಿ ಸಿಕ್ಕಿತು. ಆಕಳು ಸಿಗಲಿಲ್ಲ.

ಅಂದೇ ಅವಳು ಕಾಲೇಜು ಬಿಟ್ಟಳು. ಯಾರನ್ನೂ ಹೆಸರು ಹಿಡಿದು ಕರೆಯುವುದನ್ನು ಬಿಟ್ಟಳು.

ಮಾರನೆಯ ವರ್ಷ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಹೆಂಗಸರು. ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಗುರುಸಿದ್ದನ ಅಕ್ಕ ಮಂಗಲಾ. ರಾಜಶ್ರೀ ಅವಳನ್ನು ಮೂಲೆಗೆ ಕರೆದೊಯ್ದಳು.

“ಅಕ್ಕಾ, ಏನು ಹೆಸರಿಡ್ತೀರೋ ನನಗೆ ಹೇಳಬೇಡಿ. ನನ್ನೆದುರಿಗೆ ಯಾವತ್ತೂ ಆ ಹೆಸರು ಎತ್ತಬೇಡಿ.”

“ಹುಚ್ಚೀ, ತಾಯಿ ಕರೀದ ಇದ್ರ ಕೂಸಿನ ಮತ್ತ್ಯಾರ ಕರೀಬೇಕ?” ಎಂದವಳು, ತಮ್ಮನ ಕಡೆ ನೋಡಿದಳು. ಆಗಲಿ ಎಂದು ಮೆಲ್ಲಗೆ ತಲೆಯಾಡಿಸಿದಳು.

ಗೊತ್ತಿಲ್ಲದ ಹೆಸರನ್ನು ನಾಲಿಗೆ ತಪ್ಪಿ ಕರೆಯಲಾರದು. ಅದೊಂದೇ ದಾರಿ ಅವಳಿಗೆ ಉಳಿದಿತ್ತು. ಒಳಗೆ ಜೋಗುಳ ಶುರುವಾದಾಗ ಅವಳು ಮಗ್ಗದ ಶೆಡ್ಡಿಗೆ ಹೋಗಿ, ಎಲ್ಲ ಮಗ್ಗಗಳನ್ನೂ ಚಾಲೂ ಮಾಡಿಸಿ, ಅವುಗಳ ಗದ್ದಲದ ನಡುವೆ ಕಿವಿ ಮುಚ್ಚಿಕೊಂಡು ನಿಂತಳು.

ಮನೆಯವರು ಮಾತಿಗೆ ತಪ್ಪಲಿಲ್ಲ. ಅವಳೆದುರು ಎಲ್ಲರಿಗೂ ಅದು ಬರೀ ಕೂಸು. ಕೂಸು ಬೆಳೆಯಿತು, ಅಂಗನವಾಡಿಗೆ ಹೋಯಿತು. ಒಂದು ಮಧ್ಯಾಹ್ನ ಕುಣಿಯುತ್ತ ಮರಳಿ ಬಂದು ತಾಯಿಯ ಕೊರಳಿಗೆ ಜೋತುಬಿತ್ತು.

“ಅವ್ವಾ, ನಂಗ ನನ್ನ ಹೆಸರ ಹೇಳಾಕ ಬರ್ತೈತಿ! ಕೇಳು, ನನ್ನ ಹೆಸರ…”

ರಾಜಶ್ರೀಯ ಅಂಗೈ ಆ ಪುಟ್ಟ ಬಾಯಿಯನ್ನು ಮುಚ್ಚಿತ್ತು. ಆಟವೆಂದುಕೊಂಡು ಮಗಳು ನಕ್ಕಳು. ಬೆಚ್ಚನೆಯ ಉಸಿರು ಅಂಗೈಗೆ ತಾಗಿತು. ತುಟಿಗಳು ಅಲ್ಲೇ, ಚರ್ಮಕ್ಕೆ ಒತ್ತಿಕೊಂಡೇ, ಅಕ್ಷರ ಅಕ್ಷರವಾಗಿ ಆಡುತ್ತಿದ್ದವು. ಇನ್ನೊಂದು ಸಲ ಆಡಿದರೆ ಅದು ಏನೆಂದು ತನಗೆ ತಿಳಿದುಹೋಗುತ್ತದೆ ಅನ್ನಿಸಿತು ಅವಳಿಗೆ. ಕಣ್ಣು ಮುಚ್ಚಿ, ಕೈಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು.