ತೊಳೆದ ತೊಟ್ಟಿ

"ತೊಟ್ಟಿ ತೊಳೆದವರು ಯಾರು?"

ಮಾವನ ದನಿ ಏರಿರಲಿಲ್ಲ. ಆದರೂ ಭಟ್ಟಿಮನೆಯ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಸೊಸೆ ಒಂದು ಹೆಜ್ಜೆ ಹಿಂದೆ ಸರಿದಳು. ಹೊಸ ಪೀಪಾಯಿಗಳಿಗೆ ಮರ ಆರಿಸಲು ಮನೆಯವರೆಲ್ಲ ಎರಡು ದಿನ ಹೊರಗೆ ಹೋಗಿದ್ದರು. ಬಂದವರು ಮೆಚ್ಚಲೆಂದು ಅವಳು ಮರದ ದೊಡ್ಡ ತೊಟ್ಟಿಯೊಳಗೆ ಇಳಿದು, ತಳದ ಕಂದು ಲೋಳೆಯನ್ನೆಲ್ಲ ಕೆರೆದು ಚೆಲ್ಲಿ, ಕುದಿಯುವ ನೀರಿನಲ್ಲಿ ಮೂರು ಸಲ ಉಜ್ಜಿದ್ದಳು. ಹಾಲು ಮಾರುವವರ ಮನೆಯಲ್ಲಿ ಹುಟ್ಟಿದವಳು. ಹುಳಿ ವಾಸನೆಯ ಪಾತ್ರೆಯನ್ನು ಹಾಗೇ ಬಿಡುವುದು ಅವಳ ತವರಿನಲ್ಲಿ ಪಾಪಕ್ಕೆ ಸಮ.

"ನಾನೇ ಮಾವ. ತುಂಬಾ ಗಲೀಜಾಗಿತ್ತು..."

ಮಾವ ತೊಟ್ಟಿಯ ಅಂಚು ಹಿಡಿದುಕೊಂಡು ಕುಸಿದು ಕುಳಿತರು.

ಆ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ರಮ್ ಇಳಿಸುತ್ತಿದ್ದರು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಕಾಕಂಬಿಗೆ ಬಿಸಿನೀರು ಬೆರೆಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟುಕೊಂಡು, ಮೈಬಿಸಿಗೆ ಇಳಿದ ಮೇಲೆಯೇ ಈ ತೊಟ್ಟಿಗೆ ಸುರಿಯುವರು. ಅಲ್ಲಿ ಹುಳಿತು ನೊರೆಯೆದ್ದದ್ದು ತಾಮ್ರದ ಹಂಡೆಯಲ್ಲಿ ಆವಿಯಾಗಿ ಹನಿಹನಿಯಾಗಿ ಇಳಿಯುವುದು. ಕಣ್ಣು ಉರಿಸುವ ಮೊದಲ ಪಾಲನ್ನು ಚೆಲ್ಲಿ, ಕೊನೆಯ ಮಬ್ಬು ಪಾಲನ್ನು ಬೇರೆ ಇಟ್ಟು, ನಡುವಿನ ತಿಳಿಯನ್ನು ಮಾತ್ರ ಪೀಪಾಯಿಗೆ ತುಂಬಿ ಎಂಟು ವರ್ಷ ಮಲಗಿಸುವರು. ಕೂಸನ್ನು ಸಾಕುವಷ್ಟೇ ತಾಳ್ಮೆ ಬೇಡುವ ಕೆಲಸ ಅದು. ಇಷ್ಟಕ್ಕೆಲ್ಲ ಜೀವ ತಳದ ಆ ಲೋಳೆ. ಪ್ರತಿ ಸಲವೂ ಒಂದಿಷ್ಟು ಉಳಿಸಿ ಅದರ ಮೇಲೆಯೇ ಹೊಸದನ್ನು ಹಾಕಬೇಕು, ಮೊಸರಿಗೆ ಹೆಪ್ಪು ಇದ್ದ ಹಾಗೆ. ಅದು ಮುತ್ತಜ್ಜ ಇಟ್ಟ ಹೆಪ್ಪು, ಒಂದು ದಿನವೂ ಸತ್ತಿಲ್ಲ ಎಂದು ಮಾವನ ನಂಬಿಕೆ. ದಿನಾ ಕೈ ಮುಗಿದೇ ಕೆಲಸಕ್ಕೆ ಇಳಿಯುತ್ತಿದ್ದರು. ಆದರೆ ವರ್ಷ ತುಂಬುವವರೆಗೆ ಹೊಸ ಸೊಸೆಗೆ ಭಟ್ಟಿಯ ಗುಟ್ಟು ಹೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಇವಳು ಬಂದು ಇನ್ನೂ ನಾಲ್ಕೇ ತಿಂಗಳು.

"ಹಾಲಿನ ಕ್ಯಾನು ಅಂದ್ಕೊಂಡ್ಯೇನೇ?" ಎಂದರು ಅತ್ತೆ. ಆ ನಾಲ್ಕು ತಿಂಗಳಲ್ಲಿ ಸೊಸೆಯ ನಡಿಗೆ, ನಗು, ಪಾತ್ರೆ ಇಡುವ ಸದ್ದು ಯಾವುದನ್ನೂ ಅವರ ನಾಲಿಗೆ ಬಿಟ್ಟಿರಲಿಲ್ಲ.

"ಅವಳಿಗೆ ಗೊತ್ತಿರಲಿಲ್ಲ ಅಪ್ಪಾ," ಎಂದ ಮಗ.

"ಗೊತ್ತಿಲ್ಲದವರು ಮುಟ್ಟಬಾರದಿತ್ತು. ಇವಳನ್ನ ತವರಿಗೆ ಬಿಟ್ಟು ಬಾ. ನಾನಿರೋವರೆಗೂ ಈ ಹೊಸ್ತಿಲು ತುಳಿಯೋದು ಬೇಡ."

ಸೊಸೆ ಅಳಲಿಲ್ಲ. ಪೊರಕೆಯನ್ನು ಮೂಲೆಗೆ ಒರಗಿಸಿ ಒಳಗೆ ಹೊರಟಳು.

"ಹಾಗಾದ್ರೆ ಎರಡು ಪೆಟ್ಟಿಗೆ ತುಂಬು," ಎಂದರು ಅತ್ತೆ ಹಿಂದಿನಿಂದ. "ನನ್ನದೂ ಒಂದು."

ಮಾವ ತಲೆಯೆತ್ತಿದರು. "ನಿನಗೇನಾಯ್ತು?"

"ನಮ್ಮ ಮದುವೆಯಾದ ವರ್ಷ. ನೀವೂ ನಿಮ್ಮಪ್ಪನೂ ಊರಲ್ಲಿರಲಿಲ್ಲ. ಬೇಗ ಮುಗಿಸೋಣ ಅಂತ ಕುದೀತಿದ್ದ ಕಾಕಂಬಿ ನೀರನ್ನ ಹಾಗೇ ತೊಟ್ಟಿಗೆ ಸುರಿದೆ. ಮುತ್ತಜ್ಜನ ಹೆಪ್ಪು ಅವತ್ತೇ ಬೆಂದು ಹೋಯ್ತು..." ಅತ್ತೆ ತೊಟ್ಟಿಯ ಕಡೆ ಕೈ ತೋರಿಸಿದರು. "ಮೂವತ್ನಾಲ್ಕು ವರ್ಷದಿಂದ ನೀವು ಕೈ ಮುಗೀತಿರೋದು ನಾನು ಮಾಡಿದ ಹೆಪ್ಪಿಗೆ."

ಮಾವ ತೊಟ್ಟಿಯ ಅಂಚಿನಿಂದ ಕೈ ತೆಗೆದರು. ಅತ್ತೆ ಮುಂದುವರಿಸಿದರು.

"ನಿಮ್ಮಮ್ಮ ನೋಡಿದ್ರು. ಬೈಲಿಲ್ಲ. ಅಗಲದ ಪಾತ್ರೇಲಿ ಕಾಕಂಬಿ ನೀರಿಟ್ಟು ಈ ಅಟ್ಟದ ತೊಲೆ ಕೆಳಗೆ ತೆರೆದಿಡು, ಎಷ್ಟೋ ವರ್ಷದ ಆವಿ ಕುಡಿದ ಮರ, ಹೆಪ್ಪು ಅದರಲ್ಲೇ ಕೂತಿರುತ್ತೆ, ಇಳಿದು ಬರುತ್ತೆ ಅಂದ್ರು. ಮೂರನೇ ದಿನ ಬಂತು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಅವರಿಗೆ ಇದೆಲ್ಲ ಹೇಗೆ ಗೊತ್ತಿತ್ತು ಅಂತ ನಾನು ಕೇಳಲಿಲ್ಲ."

ಮಾವ ತಲೆಯೆತ್ತಿ ತೊಲೆಯನ್ನು ನೋಡಿದರು. "ಮೂರು ದಿನ," ಎಂದು ಎದ್ದರು. "ಬರದಿದ್ರೆ ಇವಳು ಹೋಗಲಿ."

"ನಾನೂ," ಎಂದರು ಅತ್ತೆ.

ಅಂದಿನಿಂದ ಮಾವ ಮನೆಯಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ತಟ್ಟೆಯನ್ನು ಪೀಪಾಯಿಗಳ ಕೋಣೆಗೇ ತರಿಸಿಕೊಂಡು ಒಬ್ಬರೇ ಉಂಡರು. ಅತ್ತೆ ಸೊಸೆ ಇಬ್ಬರೂ ಏಳು ಅಗಲದ ಪಾತ್ರೆಗಳನ್ನು ತೊಲೆಯ ಕೆಳಗೆ ಸಾಲಾಗಿಟ್ಟು ತೆಳು ಬಟ್ಟೆ ಹೊದಿಸಿದರು. ಮೊದಲ ದಿನ ಕಾಕಂಬಿ ನೀರು ಕನ್ನಡಿಯಂತೆ ಸುಮ್ಮನಿತ್ತು. ಎರಡನೆಯ ದಿನವೂ ಅಷ್ಟೇ. ಸೊಸೆ ಗಳಿಗೆಗೊಮ್ಮೆ ಬಟ್ಟೆ ಎತ್ತಿ ನೋಡುತ್ತಿದ್ದಳು.

"ಬಸುರಿ ಹೊಟ್ಟೇನ ಹೀಗೆ ಎತ್ತೆತ್ತಿ ನೋಡ್ತಾರೇನೇ? ಸುಮ್ನೆ ಕೂತ್ಕೋ. ಕಣ್ಣಲ್ಲಿ ಹುಡುಕಬೇಡ, ಕಿವಿ ಕೊಡು," ಎಂದರು ಅತ್ತೆ.

ಮೂರನೆಯ ದಿನ ಬಿಸಿಲು ಕಿಟಕಿಯಿಂದ ಸರಿಯುವ ಹೊತ್ತಿಗೆ ಸೊಸೆ ಐದನೆಯ ಪಾತ್ರೆಯ ಮೇಲೆ ಬಾಗಿದಳು. ಬಾಗಿದವಳು ಹಾಗೇ ನಿಂತಳು. ದೂರದ ಮನೆಯಲ್ಲಿ ಯಾರೋ ಪದ್ಯ ಹೇಳುವಾಗ ಮಾತು ಕೇಳದೆ ಲಯವಷ್ಟೇ ಕಿವಿಗೆ ಬೀಳುತ್ತದಲ್ಲ, ಹಾಗಿತ್ತು ಅದು. ಒಂದು ಗುಳ್ಳೆ ಒಡೆಯಿತು. ಬಿಡುವು. ಮತ್ತೊಂದು...

"ಅತ್ತೇ," ಎಂದಳು ಉಸಿರಿನಲ್ಲಿ.

ಅತ್ತೆ ಬಂದು ಕಿವಿಯಿಟ್ಟರು. ದೇವರ ಹೆಸರು ಹೇಳುತ್ತಾ ಸೊಸೆಯ ಕೈ ಹಿಡಿದವರು ಬಿಡಲೇ ಇಲ್ಲ.

ಮಗ ಹೋಗಿ ಕರೆದಾಗ ಮಾವ ಬಂದರು. ಮಂಡಿಯೂರಿ ಕಣ್ಣು ಮುಚ್ಚಿ ಕೇಳಿದರು. ಮೂರು ದಿನದಲ್ಲಿ ಹೆಂಡತಿಗೆ ಆಡಿದ ಮೊದಲ ಮಾತು, ತಲೆಯೆತ್ತದೆಯೇ:

"ಆಗ ನಿನಗೆ ಎಷ್ಟು ವಯಸ್ಸು?"

"ಹತ್ತೊಂಬತ್ತು."

"ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ತವರಿಗೆ ಕಳಿಸ್ತಿದ್ರಿ."

ಮಾವ ಪಾತ್ರೆಯ ಮುಂದೆ ಎರಡೂ ಕೈ ಜೋಡಿಸಿದರು. ಹಾಗೆ ಜೋಡಿಸಿದ ಕೈಯಲ್ಲೇ ಒಂದು ಗಳಿಗೆ ಹೆಂಡತಿಯ ಕಡೆ ತಿರುಗಿದರು. ಆಮೇಲೆ ಸೌಟನ್ನು ಸೊಸೆಗೆ ಚಾಚಿದರು.

"ತೊಟ್ಟಿಗೆ ನೀನೇ ಹಾಕು ಮಗಳೇ. ಕಾಕಂಬಿ ನೀರು ಮೈಬಿಸಿ ಇರಲಿ. ಹೇಗೆ ನೋಡೋದು ಅಂತ ನಿಮ್ಮತ್ತೆ ಇವತ್ತೇ ಹೇಳಿಕೊಡ್ತಾಳೆ."

ಬಾಗಿಲಲ್ಲಿ ನಿಂತಿದ್ದ ಮಗ ಒಂದು ಹೆಜ್ಜೆ ಒಳಗಿಟ್ಟ. "ಅಪ್ಪಾ... ತವರಿಗೆ ಬಿಟ್ಟು ಬರೋ ವಿಷಯ..."

"ಅವಳು ಹಾಕಿದ ಹೆಪ್ಪಿನ ಮೊದಲ ಪೀಪಾಯಿ ತೆಗೆಯೋಕೆ ಎಂಟು ವರ್ಷ ಬೇಕು," ಎಂದರು ಮಾವ ಮಂಡಿಯ ಧೂಳು ಕೊಡವುತ್ತಾ. "ರುಚಿ ನೋಡಿ ಆಮೇಲೆ ಹೇಳ್ತೀನಿ."