ಆರನೇ ಡಬ್ಬಿ

ಆರನೇ ಡಬ್ಬಿಯ ಮೇಲೆ ಇವತ್ತೂ ನಾಲ್ಕೂ ದೀಪಗಳು ಉರಿಯುತ್ತಿದ್ದವು.

ಟಿಕ್ಕಿ ಚಾರ್ಜರಿನ ವೈರು ಹಿಡಿದುಕೊಂಡೇ ನಿಂತಳು. ಮೇಜಿನ ಮೇಲೆ ಒಟ್ಟು ಎಂಟು ಡಬ್ಬಿ, ಒಂದೊಂದೂ ಸೋಪಿನ ಗಾತ್ರದ್ದು, ಚಾರ್ಜ್ ಎಷ್ಟಿದೆ ಎಂದು ತೋರಿಸಲು ಒಂದೊಂದರ ಮೇಲೂ ನಾಲ್ಕು ದೀಪ. ಒಂದನೆಯದರಲ್ಲಿ ಒಂದೇ ದೀಪ, ಅದೂ ಮಿಣಮಿಣ. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲಿ ನಾಲ್ಕು. ಹೀಗೆ ನಾಲ್ಕು ಡಬ್ಬಿಗಳು ದಿನಾ ಸಂಜೆ ಹಸಿದುಕೊಂಡು ಬರುತ್ತಿದ್ದವು. ಉಳಿದ ನಾಲ್ಕಕ್ಕೆ ಹಸಿವೆಂಬುದೇ ಇರಲಿಲ್ಲ.

ಚಾರ್ಜ್ ಹಾಕುವ ಕೆಲಸ ಅವಳ ಕೈಗೆ ಬಂದು ಒಂದು ವಾರವಾಗಿತ್ತು. ಇವತ್ತು ಥಟ್ಟನೆ ಹೊಳೆಯಿತು. ಕೆಲಸ ಮಾಡಿದ ಡಬ್ಬಿಗೆ ತಾನೇ ಹಸಿವಾಗುವುದು?

ಟಿಕ್ಕಿಯ ಕುತ್ತಿಗೆಯಲ್ಲಿ ಯಾವಾಗಲೂ ಟಿಕ್ ಟಿಕ್ ಎನ್ನುವ ಒಂದು ಸ್ಟಾಪ್‌ವಾಚ್ ನೇತಾಡುತ್ತಿರುತ್ತದೆ. ಅದಕ್ಕೇ ಓಟದ ಕ್ಲಬ್ಬಿನವರೆಲ್ಲ ಅವಳಿಗೆ ಆ ಹೆಸರಿಟ್ಟಿದ್ದು. ಅವಳ ಅಮ್ಮ ಮೈದಾನದ ಪಕ್ಕದ ಈ ಪರೀಕ್ಷೆ ಕೋಣೆಯಲ್ಲಿ ಟೆಕ್ನಿಷಿಯನ್. ಅಕ್ಕ ಅದೇ ಕ್ಲಬ್ಬಿನಲ್ಲಿ ಸಾವಿರದ ಐನೂರು ಮೀಟರ್ ಓಡುವವಳು.

ನಮ್ಮ ಕಿವಿಯ ಒಳಮಡಿಕೆಯಲ್ಲಿ, ಚರ್ಮದ ಕೆಳಗೇ ಒಂದು ಸಣ್ಣ ನರ ಇದೆಯಂತೆ. ಹೃದಯದವರೆಗೆ ಇಳಿದುಹೋಗುವ ದೊಡ್ಡ ನರದ ಟಿಸಿಲು ಅದು. ಸೂಜಿಗೀಜಿ ಚುಚ್ಚದೆ, ಡಬ್ಬಿಗೆ ಜೋಡಿಸಿದ ಒಂದು ಕ್ಲಿಪ್ಪು ಮಾತ್ರ ಸಿಕ್ಕಿಸಿ ಅದಕ್ಕೆ ಚೂರೇಚೂರು ಕರೆಂಟು ಕೊಟ್ಟರೆ ಓಟಗಾರರಿಗೆ ಸುಸ್ತು ಕಡಿಮೆಯಾಗುತ್ತದೆಯೇ? ಡಾಕ್ಟರೊಬ್ಬರು ಆ ಕೋಣೆಯಲ್ಲಿ ಅದನ್ನೇ ಪರೀಕ್ಷೆ ಮಾಡುತ್ತಿದ್ದರು. ಎಂಟು ಹುಡುಗಿಯರಿಗೆ ಎಂಟು ಡಬ್ಬಿ, ದಿನಕ್ಕೆ ಇಪ್ಪತ್ತು ನಿಮಿಷ, ಆರು ವಾರ. ನಾಲ್ಕು ಡಬ್ಬಿಗಳು ಮಾತ್ರ ಕಿವಿಗೆ ಕರೆಂಟು ಕೊಡುತ್ತಿದ್ದವು, ಉಳಿದ ನಾಲ್ಕು ಬರೀ ತೋರಿಕೆಯ ಖಾಲಿ ಡಬ್ಬಿಗಳು. ಕಿವಿಗೆ ಏನೂ ಗೊತ್ತಾಗದಷ್ಟು ಸಣ್ಣ ಕರೆಂಟಾದ್ದರಿಂದ ಯಾರ ಡಬ್ಬಿ ಎಂಥದ್ದು ಎಂದು ಹುಡುಗಿಯರಿಗೆ ತಿಳಿಯುತ್ತಿರಲಿಲ್ಲ. ಅಮ್ಮನಿಗೂ ತಿಳಿದಿರಲಿಲ್ಲ. ಡಾಕ್ಟರು ಮುಂದಿನ ಬುಧವಾರ ಹೇಳುವವರಿದ್ದರು.

ಆರನೇ ಡಬ್ಬಿ ಅಕ್ಕನದು.

"ಅಮ್ಮಾ, ಈ ಆರನೇ ಡಬ್ಬೀಲಿ..."

ಅಮ್ಮ ಗಬಕ್ಕನೆ ಎರಡೂ ಕಿವಿ ಮುಚ್ಚಿಕೊಂಡಳು. "ಅಲ್ಲಿಗೇ ನಿಲ್ಸು. ನಂಗೆ ಹೇಳ್ಬೇಡ."

"ಏನಂತಾನೇ ಕೇಳ್ಲಿಲ್ವಲ್ಲ ನೀನು."

"ದೀಪ ನೋಡ್ತಾ ನಿಂತಿದ್ಯಲ್ಲ, ಆಗ್ಲೇ ಅಂದ್ಕೊಂಡೆ. ಈ ಕೆಲ್ಸ ನಿಂಗೆ ಕೊಟ್ಟಿದ್ದು ನಂದೇ ತಪ್ಪು." ಅಮ್ಮ ಮೇಜಿನ ಮೇಲೆ ಒಂದು ಬಟ್ಟೆ ಹೊದಿಸಿದಳು. "ನಾನು ಡಾಕ್ಟರಿಗೆ ಫೋನ್ ಮಾಡಿ ಹೇಳ್ತೀನಿ. ನಾಳೆಯಿಂದ ಅವರ ಕಡೆಯವರೇ ಬಂದು ಚಾರ್ಜ್ ಹಾಕ್ಲಿ."

"ನಿಂಗೆ ಗೊತ್ತಾದ್ರೆ ಏನಾಗುತ್ತೆ?"

"ಮುಖದಲ್ಲಿ ಕಾಣುತ್ತೆ ಕಣೇ. ಡಬ್ಬಿ ಕೊಡೋವಾಗ ಒಬ್ಬಳಿಗೆ ಒಂದು ನಗು ಜಾಸ್ತಿ ಕೊಟ್ಬಿಡ್ತೀನಿ. ಆ ನಗೂಗೇ ಅವಳು ಎರಡು ಸೆಕೆಂಡ್ ಬೇಗ ಓಡ್ತಾಳೆ. ಆಮೇಲೆ ಓಡ್ಸಿದ್ದು ಕರೆಂಟೋ ನನ್ನ ಹಲ್ಲೋ ಅಂತ ಯಾರು ಹೇಳೋದು? ಎಂಟು ಹುಡುಗೀರು ಪಟ್ಟ ಪಾಡೆಲ್ಲ ಮಣ್ಣುಪಾಲು." ಅಮ್ಮ ಟಿಕ್ಕಿಯ ಗಲ್ಲ ಹಿಡಿದಳು. "ಬುಧವಾರದ ತನಕ ಹೊಟ್ಟೇಲಿ ಇಟ್ಕೋತೀಯಾ?"

"ಇಟ್ಕೋತೀನಿ," ಎಂದಳು ಟಿಕ್ಕಿ. ಅದೇನು ಮಹಾ ಕಷ್ಟ ಎಂದುಕೊಂಡಳು.

ಕಷ್ಟ ಮನೆಯಲ್ಲಿ ಕಾದು ಕೂತಿತ್ತು.

ಅಕ್ಕ ಬೂಟು ಬಿಚ್ಚುತ್ತಲೇ ಶುರು ಮಾಡಿದಳು. "ಅಮ್ಮಾ, ಭಾನುವಾರದ ರೇಸಿಗೆ ನನ್ನ ಡಬ್ಬಿ ತಗೊಂಡು ಹೋಗ್ತೀನಿ."

"ಆಗಲ್ಲ. ಡಬ್ಬಿ ಆ ರೂಮು ಬಿಟ್ಟು ಆಚೆ ಹೋಗೋ ಹಾಗಿಲ್ಲ. ರೇಸಿನವರೂ ಒಪ್ಪಲ್ಲ."

"ಹಾಗಾದ್ರೆ ನಾನು ಓಡಲ್ಲ. ನಾಳೆ ಕೋಚ್ ಮೇಡಂಗೆ ಹೆಸರು ತೆಗೀರಿ ಅಂತ ಹೇಳ್ಬಿಡ್ತೀನಿ."

"ಹುಚ್ಚು ಹಿಡಿದಿದ್ಯಾ ನಿಂಗೆ?"

"ನಂದು ಅಸಲಿ ಡಬ್ಬಿ ಅಮ್ಮ, ನಂಗೆ ಗೊತ್ತಾಗುತ್ತೆ. ಅದನ್ನ ಹಾಕ್ಕೊಂಡ ಮೇಲೇನೇ ಐದು ನಿಮಿಷ ಇಪ್ಪತ್ತು ಸೆಕೆಂಡಿಗೆ ಬಂದಿದ್ದು. ಅದಿಲ್ದೆ ಓಡಿ ಎಲ್ರ ಮುಂದೆ ಮಾನ ಕಳ್ಕೊಳ್ಲಾ?" ಅಕ್ಕ ಆ ರೇಸಿಗಾಗಿ ಒಂದು ವರ್ಷದಿಂದ ಕಾಯುತ್ತಿದ್ದಳು.

ಟಿಕ್ಕಿಗೆ ಮಾತು ನಾಲಿಗೆಯ ತುದಿಗೇ ಬಂತು. ನಿನ್ನದು ಖಾಲಿ ಡಬ್ಬಿ ಕಣೇ ಅಕ್ಕ, ಓಡಿದ್ದೆಲ್ಲ ನೀನೇ. ಒಂದೇ ವಾಕ್ಯ. ಆದರೆ ಅದನ್ನು ಹೇಳಿದರೆ ಅಮ್ಮನ ಆರು ವಾರ ಹೋಯಿತು. ಹೇಳದಿದ್ದರೆ ಅಕ್ಕನ ಒಂದು ವರ್ಷ ಹೋಯಿತು.

ಊಟಕ್ಕೆ ಕೂತವಳೇ ತಟ್ಟೆಯಿಂದ ದೊಡ್ಡದೊಂದು ತುತ್ತು ಎತ್ತಿ ಬಾಯಿಗೆ ತುರುಕಿಕೊಂಡಳು. ಬಾಯಿ ತುಂಬಿದ್ದಾಗ ತಲೆ ಚೆನ್ನಾಗಿ ಓಡುತ್ತದೆ ಎಂಬುದು ಅವಳ ಅನುಭವ. ಅವತ್ತೂ ಓಡಿತು.

ಮರುದಿನ, ಶುಕ್ರವಾರ, ಬೆಳಕು ಹರಿಯುವ ಹೊತ್ತಿಗೆ ಅವಳು ಅಕ್ಕನ ಹೊದಿಕೆ ಎಳೆದಳು.

"ಯಾಕೆ ಪ್ರಾಣ ತಿಂತೀಯ? ಮಲ್ಗು ಹೋಗು."

"ಮೈದಾನಕ್ಕೆ ಬಾ. ಒಂದೇ ಒಂದು ಸಾವಿರದ ಐನೂರು ಓಡು, ಸಾಕು. ಆಮೇಲೆ ಬೇಕಾದ್ರೆ ಮೇಡಂಗೆ ಹೇಳು, ನಾನು ತಡಿಯಲ್ಲ."

"ಡಬ್ಬಿ ಇಟ್ಟಿರೋ ರೂಮಿನ ಬಾಗಿಲೇ ತೆಗ್ದಿರಲ್ಲ ಈಗ."

"ಅದಕ್ಕೇ ಈಗ ಅಂದಿದ್ದು."

ಅಕ್ಕ ಎದ್ದು ಕೂತು ತಂಗಿಯ ಮುಖ ನೋಡಿದಳು. ಬೈಯಲು ಬಾಯಿ ತೆರೆದವಳು ಆಕಳಿಸಿದಳು. ಸಾಕ್ಸ್ ಹುಡುಕಿದಳು.

ಮೈದಾನದಲ್ಲಿ ಯಾರೂ ಇರಲಿಲ್ಲ. ಮೊದಲ ಸುತ್ತಿನಲ್ಲಿ ಅಕ್ಕನ ಹೆಜ್ಜೆ ತಡವರಿಸುತ್ತಿತ್ತು, ಪಾಠ ಮರೆತವರು ಒಪ್ಪಿಸುವ ಹಾಗೆ. ಎರಡನೆಯದರಲ್ಲಿ ಲಯ ಸಿಕ್ಕಿತು. ಮೂರನೆಯದರಲ್ಲಿ ಉಸಿರೂ ಹೆಜ್ಜೆಯೂ ಒಟ್ಟಿಗೆ ಬರತೊಡಗಿದವು. ಗೆರೆ ದಾಟಿದವಳೇ ಅಕ್ಕ ಮಂಡಿಯ ಮೇಲೆ ಕೈಯೂರಿ ಬಗ್ಗಿದಳು.

"ಎಷ್ಟು?"

"ಐದು ಇಪ್ಪತ್ಮೂರು."

"ನೋಡಿದ್ಯಾ? ಮೂರು ಸೆಕೆಂಡ್ ಜಾಸ್ತಿ. ನಾನು ಹೇಳ್ಲಿಲ್ವಾ?"

ಟಿಕ್ಕಿ ಜೇಬಿನಿಂದ ತನ್ನ ಪುಟ್ಟ ನೋಟ್‌ಬುಕ್ ತೆಗೆದಳು. "ಡಬ್ಬಿ ಬರೋಕೆ ಮುಂಚೆ ಎಷ್ಟಿತ್ತು ಓದ್ಲಾ? ಐದು ನಲವತ್ತೊಂದು."

"ಸರಿ, ಅದಕ್ಕೆ?"

"ಒಟ್ಟು ಇಪ್ಪತ್ತೊಂದು ಸೆಕೆಂಡ್ ಇಳಿಸಿದ್ದೆ ನೀನು. ಅದ್ರಲ್ಲಿ ಮೂರನ್ನ ಡಬ್ಬೀಗೇ ಕೊಟ್ಬಿಡು, ನಿದ್ದೆಗಣ್ಣಲ್ಲಿ ಬಂದಿದ್ದನ್ನೂ ಲೆಕ್ಕಕ್ಕೆ ಹಿಡೀಬೇಡ. ಇವತ್ತು ನಿನ್ನ ಕಿವೀಲಿ ಏನೂ ಇರ್ಲಿಲ್ಲ. ಉಳಿದ ಹದಿನೆಂಟು ಯಾರದ್ದು?"

ಅಕ್ಕ ಬೂಟಿನ ತುದಿಯಿಂದ ಬಿಳಿ ಗೆರೆಯನ್ನು ಎರಡು ಸಲ ಉಜ್ಜಿದಳು. ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದಳು, "ಏಯ್, ನಿಂಗೇನೋ ಗೊತ್ತು."

"ಗೊತ್ತು. ಹೇಳಲ್ಲ."

"ಕಚಗುಳಿ ಇಟ್ರೆ?"

"ನಗ್ತೀನಿ. ಹೇಳಲ್ಲ."

ಅಷ್ಟರಲ್ಲಿ ಗೇಟಿನ ಹತ್ತಿರ ಕೋಚ್ ಮೇಡಂ ಸೈಕಲ್ ಇಳಿಯುತ್ತಿದ್ದರು. ಅಕ್ಕ ಅತ್ತ ನಡೆದಳು. ಏನು ಹೇಳಿದಳೋ ಇಲ್ಲಿಗೆ ಕೇಳಿಸಲಿಲ್ಲ. ಮೇಡಂ ಮಾತ್ರ ತಲೆಯಾಡಿಸಿ, ಅಕ್ಕನ ಬೆನ್ನಿನ ಮೇಲೆ ಒಂದು ಗುದ್ದು ಕೊಟ್ಟರು.

ಭಾನುವಾರ ಗ್ಯಾಲರಿ ತುಂಬಿತ್ತು. ಓಟಕ್ಕೆ ಎರಡು ನಿಮಿಷ ಇರುವಾಗ ಅಕ್ಕ ಬೇಲಿಯತ್ತ ಬಂದಳು. ಡಬ್ಬಿಯ ಗುಟ್ಟು ಕೇಳಲೇ ಬಂದಳು ಎಂದುಕೊಂಡಳು ಟಿಕ್ಕಿ. ಈಗ ಕೇಳುತ್ತಾಳೆ. ಇಲ್ಲಿ, ಇಷ್ಟು ಹತ್ತಿರದಿಂದ ಕೇಳಿದರೆ ತಾನು ಬಾಯಿ ಬಿಗಿಹಿಡಿದರೂ ಮುಖ ಹೇಳಿಬಿಡುತ್ತದೆ.

"ಇದನ್ನ ಹಿಡ್ಕೋ," ಎಂದು ಅಕ್ಕ ಜಾಕೆಟ್ ಬಿಚ್ಚಿ ಬೇಲಿಯ ಮೇಲಿಂದ ಕೊಟ್ಟಳು.

"ಮತ್ತೇನೂ... ಇಲ್ವಾ?"

"ಇದೆ. ಕೊನೇ ಸುತ್ತಲ್ಲಿ ಕಿರುಚ್ಬೇಡ. ನನ್ನ ಉಸಿರು ನಂಗೆ ಕೇಳ್ಬೇಕು."

ಅಷ್ಟು ಹೇಳಿ ಹೋಗಿ ಗೆರೆಯ ಮೇಲೆ ನಿಂತಳು. ತಿರುಗಿ ನೋಡಲಿಲ್ಲ.

ಹನ್ನೆರಡು ಜನ ಒಟ್ಟಿಗೆ ಹೊರಟರು. ಮೂರು ಸುತ್ತು ಮುಗಿಯುವ ಹೊತ್ತಿಗೆ ಅಕ್ಕ ಐದನೆಯವಳು. ಸುತ್ತ ಎಲ್ಲರೂ ಬೊಬ್ಬೆ ಹಾಕುತ್ತಿದ್ದರು. ಟಿಕ್ಕಿ ಒಬ್ಬಳೇ ಜಾಕೆಟ್ ಅಪ್ಪಿಕೊಂಡು, ತುಟಿ ಬಿಗಿದುಕೊಂಡು ನಿಂತಿದ್ದಳು. ಬೇಲಿಯ ಪಕ್ಕದಲ್ಲಿ ಹೆಜ್ಜೆಗಳು ದಡದಡ ಹಾದುಹೋದವು. ಅಷ್ಟು ಹೆಜ್ಜೆಗಳ ನಡುವೆ ಅಕ್ಕನ ಹೆಜ್ಜೆ ಅವಳಿಗೆ ಬೇರೆಯಾಗಿಯೇ ಕೇಳಿಸಿತು. ಅದರಲ್ಲಿ ತಡವರಿಕೆ ಇರಲಿಲ್ಲ.

ಡಬ್ಬಿಯ ವಿಷಯ ಅಕ್ಕ ಇನ್ನು ಕೇಳುವುದಿಲ್ಲ ಎಂದು ಟಿಕ್ಕಿಗೆ ಆಗ ತಿಳಿಯಿತು.

ತಿರುವಿನಲ್ಲಿ ಅಕ್ಕ ಒಬ್ಬಳನ್ನು ದಾಟಿದಳು. ಆಮೇಲೆ ಇನ್ನೊಬ್ಬಳನ್ನು.