ಅಜ್ಜಿ ಬಿಟ್ಟ ಕೊನೆಯ ಚುಕ್ಕಿ

ಬಹಳ ಹಿಂದೆ, ಮುತ್ತುಗದ ಕಾಡಿನಾಚೆ ಹಂಸಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಅಂಗಳಕ್ಕೆ ದಿನವೂ ರಂಗೋಲಿ ಇಡುತ್ತಿದ್ದವಳು ಪುಟ್ಟೀರಮ್ಮ. ಮೊದಲ ಸಾಲಿಗೆ ಒಂದು ಚುಕ್ಕಿ, ಮುಂದಿನದಕ್ಕೆ ಎರಡು, ಹೀಗೆ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತಿದ್ದಳು. ಆದರೆ ಕೊನೆಯ ಆ ಒಂದು ಚುಕ್ಕಿಯನ್ನು ಮಾತ್ರ ತಾನು ಇಡುತ್ತಿರಲಿಲ್ಲ. "ಅದು ನಿಂದು ಕಣೇ, ಬಾ" ಎಂದು ಮೊಮ್ಮಗಳು ದೇವೀರಿಯನ್ನು ಕೂಗುತ್ತಿದ್ದಳು. ಆಮೇಲೆ ಚುಕ್ಕಿಗಳ ಮೇಲೆ ಓರೆಯಾಗಿ ಆರು ಗೆರೆ, ಅವನ್ನು ದಾಟಿ ಇನ್ನಾರು ಗೆರೆ ಎಳೆದರೆ ರಂಗೋಲಿ ಮುಗಿಯಿತು. ಎಂಥ ಬೆಳಗುಗಳು ಅವು!

ಒಂದು ದಿನ ದೇವೀರಿ ಏಳುವುದು ತಡವಾಯಿತು. ಅಷ್ಟರಲ್ಲಿ ಕುಟಿಲಾಕ್ಷನೆಂಬ ಮಾಂತ್ರಿಕ ಬಂದ. ಅವನಿಗೆ ಯಾರೂ ಬಿಡಿಸಲಾಗದ ಅಂಕೆಯ ಬೀಗ ಬೇಕಿತ್ತು. ಚುಕ್ಕಿಗಳನ್ನು ಸಾಲುಸಾಲಾಗಿ ಎಣಿಸಿ, ಆ ಅಂಕೆಗಳನ್ನೇ ಬೀಗಕ್ಕೆಂದು ಬರೆದುಕೊಂಡ. ಗುಟ್ಟು ಬಲ್ಲ ಅಜ್ಜಿಯನ್ನು ಕಲ್ಲಾಗಿಸಿ ತನ್ನ ಗುಹೆಗೆ ಹೊತ್ತೊಯ್ದ. ಹನ್ನೆರಡು ವರ್ಷ ದೇವೀರಿ ಆ ಬೆಳಗನ್ನೇ ನೆನೆದು ಕೊರಗಿದಳು. ಕೊನೆಗೆ ಅಜ್ಜಿಯ ರಂಗೋಲಿ ಪುಡಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು.

ಗುಹೆಯ ಮೊದಲ ಬಾಗಿಲಲ್ಲಿ ಎರಡು ತುದಿಗೂ ತಲೆಯಿದ್ದ ಹಾವು. ಬಾಗಿಲ ಮೇಲೆ ೧೨೩೪೫೬೫೪೩೨ ಎಂದು ಕೆತ್ತಿತ್ತು. ಒಂದು ತಲೆ ಎಡದಿಂದ ಓದುತ್ತಿತ್ತು, ಇನ್ನೊಂದು ಬಲದಿಂದ.

"ನಿನ್ನದು ತಪ್ಪು!"

"ನಿನ್ನದೇ ತಪ್ಪು!"

ಹನ್ನೆರಡು ವರ್ಷದಿಂದ ಇದೇ ಜಗಳ. "ನಮ್ಮಿಬ್ಬರ ಓದು ಒಂದಾಗಿಸು, ದಾರಿ ಬಿಡುತ್ತೇವೆ" ಎಂದವು.

ದೇವೀರಿಗೆ ಅಳು ಉಕ್ಕಿ ಬಂತು. ಅವಳಿಗೆಂದು ಅಜ್ಜಿ ಬಿಟ್ಟಿದ್ದ ಚುಕ್ಕಿಯೇ ಅಲ್ಲಿರಲಿಲ್ಲ! ಅವಸರದ ಕಳ್ಳ ಅರ್ಧ ರಂಗೋಲಿ ಕದ್ದಿದ್ದ. ಸೆರಗು ಬಿಚ್ಚಿ, ಪುಡಿಯಿಂದ ಕೊನೆಗೊಂದು ೧ ಬರೆದಳು. ಈಗ ಎಡದಿಂದ ಓದಿದರೂ ೧೨೩೪೫೬೫೪೩೨೧, ಬಲದಿಂದ ಓದಿದರೂ ಅದೇ. ಹಾವು ಸುರುಳಿ ಸುತ್ತಿ ಮಲಗಿತು.

ಎರಡನೆಯ ಬಾಗಿಲಲ್ಲಿ ಮಾತಾಡುವ ಕರಡಿ. "ಮೊದಲ ಬಾಗಿಲಲ್ಲಿ ಈಗಿರುವ ಅಂಕೆಗಳನ್ನೆಲ್ಲ ಕೂಡಿಸಿದರೆ ಎಷ್ಟು? ಬೆರಳು ಮಡಿಸಿ ಎಣಿಸಿದರೆ ಆ ಬೆರಳೇ ಇರುವುದಿಲ್ಲ."

"ಮಡಿಸೋದ್ಯಾಕೆ? ಅದು ನಮ್ಮಜ್ಜಿ ರಂಗೋಲಿ. ಓರೆಯಾಗಿ ನೋಡಿದ್ರೆ ಆರು ಸಾಲು, ಸಾಲಿಗೆ ಆರು ಚುಕ್ಕಿ. ಮೂವತ್ತಾರು." ಕರಡಿ ಪಕ್ಕಕ್ಕೆ ಸರಿಯಿತು.

ಮೂರನೆಯ ಬಾಗಿಲಲ್ಲಿ ಕುಟಿಲಾಕ್ಷನೇ ನಿಂತಿದ್ದ. ಅವನ ಹಿಂದೆ ಕಲ್ಲಾದ ಅಜ್ಜಿ. "ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ನನ್ನ ಮೊದಲ ಬಾಗಿಲ ಸಂಖ್ಯೆ ಬರುತ್ತದೆ? ತಪ್ಪಿದರೆ ನೀನೂ ಕಲ್ಲು" ಎಂದು ನಕ್ಕ. ಎರಡರಲ್ಲಿ ಮುಗಿಯುವ ಸಂಖ್ಯೆಗೆ ಅಂಥದ್ದು ಇರುವುದೇ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆ ಬಾಗಿಲ ಮೇಲೆ ಕೊನೆಗೊಂದು ೧ ಸೇರಿದ್ದು ಗೊತ್ತಿರಲಿಲ್ಲ, ಅಷ್ಟೇ.

ದೇವೀರಿ ನೆಲದ ಮೇಲೆ ಓರೆಯಾಗಿ ಆರು ಗೆರೆ ಎಳೆದಳು. ಅವನ್ನು ದಾಟಿ ಇನ್ನಾರು ಎಳೆದಳು. ಗೆರೆ ಗೆರೆ ಕೂಡಿದಲ್ಲೆಲ್ಲ ಚುಕ್ಕಿ ಇಟ್ಟಳು. ಮೇಲಿನಿಂದ ಒಂದು, ಎರಡು, ಮೂರು... ಆರಕ್ಕೆ ಏರಿ, ಮತ್ತೆ ಒಂದಕ್ಕೆ ಇಳಿಯಿತು.

"ಒಂದೊಂದು ಗೆರೆಯೂ ಒಂದೊಂದು ೧. ಪಕ್ಕಪಕ್ಕ ಬರೆದ ಆರು ಒಂದುಗಳನ್ನ ಅಂಥದೇ ಆರು ಒಂದುಗಳಿಂದ ಗುಣಿಸಬೇಕು. ಒಂದು ಲಕ್ಷದ ಹನ್ನೊಂದು ಸಾವಿರದ ನೂರಾ ಹನ್ನೊಂದು!"

ಬೀಗ ಕಳಚಿ ಬಿತ್ತು. ಕುಟಿಲಾಕ್ಷ ನಿಂತಲ್ಲೇ ಪುಡಿಪುಡಿಯಾದ. ಕಲ್ಲಿನ ರೆಪ್ಪೆ ಮಿಟುಕಿತು.

"ಏನೇ, ಇಷ್ಟು ಹೊತ್ತಾ ಏಳೋದು?" ಎಂದಳು ಅಜ್ಜಿ.

ಹಂಸಗಿರಿಗೆ ಮತ್ತೆ ನಗು ಬಂತು, ಎಲ್ಲರೂ ಸುಖವಾಗಿದ್ದರು. ಮರುದಿನ ಬೆಳಗ್ಗೆ ಅಜ್ಜಿ ಕೊನೆಯ ಚುಕ್ಕಿ ಬಿಟ್ಟು ಕೂಗಲೆಂದು ತಲೆಯೆತ್ತಿದರೆ, ದೇವೀರಿ ಆಗಲೇ ಎದ್ದು ಪಕ್ಕದಲ್ಲಿ ಕೂತಿದ್ದಳು.